ಅನ್ನ ಉಕ್ಕುವಷ್ಟರಲ್ಲಿ ಉಪ್ಪು

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಬೇಕರಿಯ ಹಿಂಬಾಗಿಲಿನಿಂದ ಬಿಸಿ ಬ್ರೆಡ್ಡಿನ ಘಮ ಹೊರಬೀಳುವ ಹೊತ್ತಿಗೆ, ಅಂಚಿನವರೆಗೂ ನೀರು ತುಂಬಿದ ಸ್ಟೀಲ್ ಲೋಟವೊಂದನ್ನು ಅಂಗೈ ಮೇಲಿಟ್ಟುಕೊಂಡು ಹೆಂಗಸೊಬ್ಬರು ಫುಟ್‌ಪಾತಿನ ಮೇಲೆ ನಡೆದು ಬರುತ್ತಾರೆ. ಕಣ್ಣು ಲೋಟದ ಮೇಲಿದೆ, ಗಮನವೆಲ್ಲ ಹಿಮ್ಮಡಿಯಲ್ಲಿದೆ. ಒಂದು ಕಲ್ಲು, ಇನ್ನೊಂದು ಕಲ್ಲು. ಔಷಧಿ ಅಂಗಡಿಯ ಮುಂದೆ ಲೋಟದಿಂದ ನಾಲ್ಕು ಹನಿ ತುಳುಕುತ್ತದೆ. ಅಲ್ಲೇ ನಿಂತು, ಹಾರೆಯಿಂದ ಕಲ್ಲೆಬ್ಬಿಸಿ, ಕೆಳಗೆ ಕುಸಿದ ಜಾಗಕ್ಕೆ ಎರಡು ಕರಣೆ ಮರಳು ಸುರಿದು ಸಮ ಮಾಡುತ್ತಾರೆ. ಕಲ್ಲು ಕೂರಿಸಿ, ರಬ್ಬರ್ ಸುತ್ತಿಗೆಯಿಂದ ನಾಲ್ಕೂ ಮೂಲೆ ಬಡಿದು, ಲೋಟ ಹಿಡಿದು ಮತ್ತೆ ಅದರ ಮೇಲೆ ನಡೆಯುತ್ತಾರೆ. ಈ ಸಲ ನೀರು ಅಲುಗುವುದಿಲ್ಲ.

"ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಅದನ್ನ ಹೇಳಿದವರು ನಮ್ಮ ಫುಟ್‌ಪಾತ್ ಮೇಲೆ ನಡೆದಿಲ್ಲ ಬಿಡಿ" ಎನ್ನುತ್ತಾರೆ.

ಬೀದಿಯವರಿಗೆ ಇವರು ಕಲ್ಲಕ್ಕ. ಹನ್ನೊಂದು ಓಣಿ, ಎರಡು ಸಾವಿರದ ನೂರು ಚಿಲ್ಲರೆ ಕಲ್ಲು, ಒಬ್ಬರೇ ಹೆಂಗಸು. ದಿನಕ್ಕೆ ಹದಿನೈದು ಕಲ್ಲಾದರೂ ಮತ್ತೆ ಕೂರಬೇಕು, ಅದೂ ಎಂಟು ಗಂಟೆಯೊಳಗೆ. ಆಮೇಲೆ ಶಾಲೆಯ ಮಕ್ಕಳ ಕಾಲು ಬರುತ್ತದೆ. ಕೆಲಸ ಕೊಟ್ಟ ಗುತ್ತಿಗೆದಾರ ಈ ಲೋಟ ನೋಡಿ ನಗುತ್ತಾನಂತೆ. ನಗಲಿ. ಅವನು ಈ ಕಲ್ಲುಗಳನ್ನು ಕಾರಿನ ಕಿಟಕಿಯಿಂದ ನೋಡಿದವನು.

ಇಲ್ಲಿ ಮನೆಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿವೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ಬೇಕರಿಯಿಂದ ದವಾಖಾನೆಗೆ ತೊಂಬತ್ತು ಹೆಜ್ಜೆ, ದವಾಖಾನೆಯಿಂದ ಶಾಲೆಗೆ ಇನ್ನೂರ ಹತ್ತು, ಶಾಲೆಯ ಎದುರಿಗೇ ಓದುವ ಕೋಣೆ. ಊರುಗೋಲಿನ ಮುದುಕರು ಯಾರ ಹಂಗೂ ಇಲ್ಲದೆ ಪೇಪರ್ ಓದಿ ಬರುತ್ತಾರೆ. ಬದುಕಿಗೆ ಬೇಕಾದದ್ದೆಲ್ಲ ಕಾಲಬುಡದಲ್ಲೇ ಇದೆ. ಈ ಹೆಜ್ಜೆಗಳ ಲೆಕ್ಕ ಇಲ್ಲಿಯವರಿಗೆ ಗೊತ್ತಿಲ್ಲ, ಅವರಿಗೇಕೆ ಗೊತ್ತಿರಬೇಕು? ಉಂಡವರು ತುತ್ತು ಎಣಿಸುವುದಿಲ್ಲ.

"ರಾತ್ರಿ ಹಾಕ್ಕೊಂಡ ಬಟ್ಟೇಲೇ ಆಕಳಿಸಿಕೊಂಡು ಬಂದು ಹಾಲು ತಗೊಂಡು ಹೋಗ್ತಾರಲ್ಲ, ಅವರನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯತ್ತೆ. ಬಂಗಾರ ಹಾಕ್ಕೊಂಡವರನ್ನ ನೋಡಿದ್ರೂ ಹಿಂಗಾಗಲ್ಲ" ಎನ್ನುತ್ತಾರೆ ಕಲ್ಲಕ್ಕ.

ಕಲ್ಲಕ್ಕನ ಮನೆ ಎರಡು ಬಸ್ಸಿನಾಚೆ. ಅಲ್ಲಿ ಮನೆಗಳಿವೆ, ಲಿಫ್ಟಿದೆ, ಅಂಗಡಿ ಮಾತ್ರ ದೊಡ್ಡ ರಸ್ತೆಯ ಆ ಕಡೆ. ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ಆರು ಸಾಲು ವಾಹನ ದಾಟಲು ಸೇತುವೆ ಹುಡುಕಿಕೊಂಡು ಹೋಗಿ, ಹತ್ತಿ ಇಳಿದು, ಒಂದು ಪೊಟ್ಟಣ ಉಪ್ಪು ತರಲು ಮುಕ್ಕಾಲು ಗಂಟೆ. ಫುಟ್‌ಪಾತ್ ಇಲ್ಲವೇ ಎಂದರೆ ನಕ್ಕುಬಿಡುತ್ತಾರೆ: "ನಕ್ಷೆಯಲ್ಲಿದೆ."

ಮೊದಲು ಹೀಗಿರಲಿಲ್ಲ. ಮೂರನೇ ಓಣಿಯಲ್ಲಿ, ಇದೇ ಬೇಕರಿಯ ಹಿಂದೆ, ಬಾಡಿಗೆಯ ಒಂದು ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಇದ್ದರು. ಆಗ ಓಣಿಯ ತುಂಬ ಕೆಸರು, ಹಾಗಾಗಿ ಬಾಡಿಗೆಯೂ ಬಡವರದ್ದೇ. ಆಮೇಲೆ ಕಲ್ಲು ಬಂತು. ಹಾಸಿದವರಲ್ಲಿ ಕಲ್ಲಕ್ಕನೂ ಒಬ್ಬರು. ಕಲ್ಲು ಬಿದ್ದ ಮೇಲೆ ನಡೆಯುವ ಸುಖ ಹುಡುಕಿಕೊಂಡು ಒಳ್ಳೆಯ ಬೂಟುಗಳು ಬಂದವು, ಬೂಟುಗಳ ಹಿಂದೆಯೇ ಬಾಡಿಗೆ ಏರಿತು. ಬೀದಿಯನ್ನು ನಡೆಯುವಂತೆ ಮಾಡಿದವರಿಗೆ ಬೀದಿ, ಇನ್ನು ನಡೆ ಎಂದಿತು. ಇದನ್ನು ಅಭಿವೃದ್ಧಿ ಎಂದು ಕರೆಯುವವರು ಬೆಳಗಿನ ಮೊದಲ ಬಸ್ಸನ್ನು ಒಮ್ಮೆ ಹತ್ತಿ ನೋಡಲಿ.

ಬೀದಿಯಲ್ಲಿ ಉಳಿದುಕೊಂಡದ್ದು ಒಡಹುಟ್ಟಿದ ಅಕ್ಕ. ಆಕೆಯ ಗಂಡ ಬೀಗದ ಕೈ ಮಾಡುವವರು. ಅಂಗಡಿ, ಅದರ ಮೇಲಿನ ಎರಡು ಕೋಣೆ ಅವರಪ್ಪನ ಕಾಲದ ಸ್ವಂತದ್ದು. ಅಕ್ಕನಿಗೆ ಒಂದು ಹೆಮ್ಮೆ. ಒಲೆ ಮೇಲೆ ಅನ್ನಕ್ಕಿಟ್ಟು, ಉಪ್ಪಿಲ್ಲವೆಂದು ಕಂಡರೆ, ಮೂಲೆ ಅಂಗಡಿಗೆ ಹೋಗಿ ಅನ್ನ ಉಕ್ಕುವಷ್ಟರಲ್ಲಿ ತಂದುಬಿಡುತ್ತಾರೆ. ತಂಗಿ ಬಂದಾಗಲೆಲ್ಲ ಇದನ್ನು ಹೇಳದೆ ಬಿಡುವುದಿಲ್ಲ. ಹಾಗೆಂದು ಅಕ್ಕ ತಣ್ಣಗಿದ್ದಾರೆಯೇ? ಅವರ ಉರಿ ಅವರಿಗೆ. "ಹುಟ್ಟಿದ್ದು ನಾನು ಮೊದಲು. ಬೀದೀಲಿ ಮಾತ್ರ ನಾನು ಕಲ್ಲಕ್ಕನ ಅಕ್ಕ. ನನ್ನ ಹೆಸರು ಕೇಳಿದೋರೇ ಇಲ್ಲ" ಎಂದು ಮೂಗು ಮುರಿಯುತ್ತಾರೆ.

ಈಚೆಗೆ ಅಕ್ಕನ ಎದುರು ಮನೆಯ ಮಾಳಿಗೆಯ ಕೋಣೆ ಖಾಲಿಯಾಯಿತು. ಸಣ್ಣದು, ಸೋರುತ್ತದೆ, ಹಾಗಾಗಿ ಬಾಡಿಗೆ ಕೈಗೆಟುಕುವಂತಿತ್ತು. ಒಡತಿಗೆ ಒಂದು ಮಾತು ಹಾಕು ಎಂದು ಕಲ್ಲಕ್ಕ ಅಕ್ಕನನ್ನು ಬೇಡಿಕೊಂಡರು. ಅಕ್ಕ ಹೂಂ ಎಂದರು. ವಾರ ಕಳೆಯಿತು, ಎರಡು ಕಳೆಯಿತು, ಮಾತಿಲ್ಲ. ಅದೇ ದಿನಗಳಲ್ಲಿ ಅಕ್ಕನ ಬಾಗಿಲ ಮುಂದಿನ ಕಲ್ಲು ಸಡಿಲಾಯಿತು. ಲೋಟ ತುಳುಕಿತು. ಕಲ್ಲಕ್ಕ ನೋಡಿದರು, ದಾಟಿ ಮುಂದೆ ಹೋದರು.

"ಹನ್ನೊಂದು ದಿನ ಬಿಟ್ಟಿದ್ದೆ. ಬೇಕಂತಲೇ. ಅವಳ ಬಟ್ಟೆಗೆ ಒಂದಿಷ್ಟು ಕೆಸರು ಹಾರಲಿ ಅಂತ ಅಷ್ಟೇ."

ಹನ್ನೆರಡನೆಯ ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದ ಅಕ್ಕ ಅದೇ ಕಲ್ಲಿನ ಮೇಲೆ ಬಿದ್ದರು. ಕಾಲಿನ ಗಂಟು ಉಳುಕಿ, ಊದಿ ಕುಂಬಳಕಾಯಿಯಾಯಿತು. ಕಲ್ಲಕ್ಕ ಓಡಿ ಬಂದು ಎತ್ತಿ ಕೂರಿಸಿ, ತಪ್ಪು ನನ್ನದೇ, ಗೊತ್ತಿದ್ದೂ ಬಿಟ್ಟೆ ಎಂದರು. ಅಕ್ಕ ಉರುಳಿದ ಹಾಲಿನ ಪಾತ್ರೆಯನ್ನು ಹತ್ತಿರಕ್ಕೆಳೆದುಕೊಂಡು ಬಾಯಿಬಿಟ್ಟರು.

"ಒಡತಿ ತಾನಾಗೇ ಕೇಳಿದ್ಳು ಕಣೇ, ಕೋಣೆ ನಿನ್ನ ತಂಗಿಗೆ ಬೇಕಾ ಅಂತ. ಅವಳಿಗೆ ಅಲ್ಲೇ ಒಗ್ಗಿಹೋಗಿದೆ ಅಂದ್ಬಿಟ್ಟೆ. ನೀನೂ ಇಲ್ಲಿಗೇ ಬಂದ್ರೆ ನಂದು ಅಂತ ಏನುಳೀತದೆ?"

ಕೋಣೆ ಆಗಲೇ ಕಾರಿರುವ ದಂಪತಿಯ ಪಾಲಾಗಿತ್ತು. ಅವರ ಕಾರು ಈಗ ಅರ್ಧ ಫುಟ್‌ಪಾತಿನ ಮೇಲೆ ನಿಲ್ಲುತ್ತದೆ. ಅದರ ಭಾರಕ್ಕೆ ವಾರಕ್ಕೆ ಎರಡು ಕಲ್ಲು ಏಳುತ್ತವೆ. ಕೂರಿಸುವವರು ಯಾರೆಂದು ಬೇರೆ ಹೇಳಬೇಕೆ?

ಅಕ್ಕನ ಬಾಗಿಲ ಕಲ್ಲನ್ನು ಕಲ್ಲಕ್ಕ ಅಂದೇ ಕೂರಿಸಿದರು. ಬೀದಿಯಲ್ಲಿ ಅಷ್ಟು ಗಟ್ಟಿ ಕಲ್ಲು ಇನ್ನೊಂದಿಲ್ಲ. ಕಾಲು ವಾಸಿಯಾಗುವವರೆಗೆ ಕೆಲಸ ಮುಗಿಸಿ ಅಕ್ಕನ ಅಡುಗೆಯನ್ನೂ ಮಾಡಿಟ್ಟು ಬಸ್ಸು ಹತ್ತಿದರು. ಒಂದು ದಿನ ಅನ್ನಕ್ಕಿಟ್ಟು ನೋಡಿದರೆ ಡಬ್ಬಿಯಲ್ಲಿ ಉಪ್ಪಿಲ್ಲ. ಕೈ ಒರೆಸಿಕೊಂಡು ಇಳಿದರು, ತಾವೇ ಹಾಸಿದ ಕಲ್ಲುಗಳ ಮೇಲೆ, ಮೂಲೆ ಅಂಗಡಿಗೆ ಎಪ್ಪತ್ತನಾಲ್ಕು ಹೆಜ್ಜೆ. ಈ ಸಲ ಕೈಯಲ್ಲಿ ಲೋಟವಿರಲಿಲ್ಲ.

ಇನ್ನೇನು ಆಸೆ ಎಂದರೆ ದೊಡ್ಡದೇನನ್ನೂ ಕೇಳುವುದಿಲ್ಲ. ಇದೇ ನಡಿಗೆ, ಆದರೆ ಒಲೆ ತಮ್ಮದಿರಬೇಕು. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಸುತ್ತಿಗೆಯ ಮರಳು ಕೊಡವುತ್ತ ತುಟಿಯಂಚಲ್ಲಿ ನಗುತ್ತಾರೆ.

"ಅವತ್ತು ಉಪ್ಪು ತಗೊಂಡು ವಾಪಸ್ ಬಂದಾಗ ಒಳಗಿಂದ ಅಕ್ಕ ಕೂಗಿ ಕೇಳಿದ್ಳು, ಏನೇ, ನಾನು ಹೇಳ್ತಿದ್ದದ್ದು ನಿಜ ತಾನೆ ಅಂತ. ಎಲ್ಲಿ ನಿಜ ಅಕ್ಕಾ, ಎಲ್ಲಾ ಉಕ್ಕಿಹೋಯ್ತು ಅಂದೆ. ಒಂದು ಹನಿ ಉಕ್ಕಿರಲಿಲ್ಲ."