ನಿಲ್ಲಲಾರದ ಮಹಾದೇವ ಮತ್ತು ಪೆಗ್ಗಿಯ ಕುರಿಗಳು

ನನ್ನ ಅಳಿಯ ಮಹಾದೇವನ ಅಂಗಾಲಿನಲ್ಲಿ ಚಕ್ರವಿದೆ ಎಂದು ಅವನ ತಾಯಿಯೇ ಮದುವೆಯ ಮಾತುಕತೆಯಲ್ಲಿ ಹೇಳಿದ್ದಳು. ಹೆಣ್ಣು ಕೊಡುವವರ ಮುಂದೆ ಗಂಡಿನ ತಾಯಿ ಆಡುವ ಮಾತಲ್ಲ ಅದು. ಆದರೆ ಆಕೆ ಕುರಿ ಕಾಯುವವರ ಮನೆಯವಳು, ಮುಚ್ಚಿಟ್ಟು ಮಾತಾಡಲು ಬರುತ್ತಿರಲಿಲ್ಲ. ಹಿರಿಯೂರು ಸೀಮೆಯ ಆ ಜನ ಸುಗ್ಗಿ ಮುಗಿಯುತ್ತಿದ್ದಂತೆ ಮಂದೆ ಎಬ್ಬಿಸಿಕೊಂಡು ಊರು ಬಿಡುವವರು. ಭದ್ರಾ ನಾಲೆಯ ಕಡೆ ಗದ್ದೆ ಕೊಯ್ದ ರೈತರು ತಮ್ಮ ಹೊಲದಲ್ಲಿ ಮಂದೆ ಕೂರಿಸಿಕೊಂಡು, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಅಳೆದು ಕೊಡುತ್ತಿದ್ದರು. ಮೇವು ತೀರಿದರೆ ಮುಂದಿನ ಊರು. ಮಹಾದೇವ ಹುಟ್ಟಿದ್ದೇ ಅಂಥದೊಂದು ಹೊಲದ ಬದುವಿನಲ್ಲಿ, ಕಂಬಳಿಯ ಮರೆಯಲ್ಲಿ.

ನನ್ನ ಮಗಳು ಅರ್ಪಿತಾ ಡಾಕ್ಟರು. ಡ್ರೋಹೆಡಾದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಗಂಡನನ್ನೂ ಐರ್ಲೆಂಡಿಗೆ ಕರೆದುಕೊಂಡು ಹೋದಳು. ಅಲ್ಲಿ ಅವನು ವ್ಯಾನು ಓಡಿಸಿದ, ಅಣಬೆ ಕಿತ್ತ, ಹೋಟೆಲಿನಲ್ಲಿ ಪಾತ್ರೆ ತೊಳೆದ, ಕೊನೆಗೆ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಹಿಡಿದ. ಮನೆಯನ್ನೂ ಅಷ್ಟೇ, ಒಂದಾದ ಮೇಲೆ ಒಂದು ಬದಲಿಸಿ, ಪಟ್ಟಣದ ಬಾಡಿಗೆ ಹೆಚ್ಚಾಯಿತೆಂಬ ನೆಪ ಹೇಳಿ, ಉತ್ತರದ ಗಡಿಗೆ ಹತ್ತಿರವಿರುವ ನಾಕ್‌ನಾಗೋರ್ ಎಂಬ ಬೆಟ್ಟದ ಹಳ್ಳಿಗೆ ಹೋಗಿ ಕೂತ. ಅಲ್ಲಿಂದ ಆಸ್ಪತ್ರೆಗೆ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಮಗಳು ಗೊಣಗಿದಳು, ಆದರೆ ಅಡುಗೆಮನೆಯ ಕಿಟಕಿ ತೆರೆದರೆ ಕಾಣುವ ಬೆಟ್ಟ ಅವಳಿಗೂ ಹಿಡಿಸಿತ್ತು.

ಹಳ್ಳಿ ಎಂದರೆ ನಮ್ಮ ಕಡೆಯ ಹಳ್ಳಿಯಂತೆ ಒತ್ತಾಗಿ ಕೂತ ಮನೆಗಳಲ್ಲ. ಉಗ್ಗಿದ ಕಾಳಿನ ಹಾಗೆ ಇಳಿಜಾರಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಮನೆ. ನಡುವೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ, ಹಳದಿ ಹೂ ಬಿಡುವ ಮುಳ್ಳಿನ ಪೊದೆ. ಒಂದು ಚರ್ಚು, ಎರಡು ಕೋಣೆಯ ಶಾಲೆ, ಬೀಗ ಬಿದ್ದ ಪಬ್ಬು. ಕೊನೆಯ ಮನೆಯ ಗೋಡೆ ದಾಟಿದರೆ ಮೇಲೆ ನೆತ್ತಿಯವರೆಗೆ ಬರಿ ಬೆಟ್ಟ. ಅದು ಯಾರೊಬ್ಬರದೂ ಅಲ್ಲ, ಊರಿನ ಕೆಲವು ಮನೆತನಗಳಿಗೆ ಸೇರಿದ ಸಾಮೂಹಿಕ ಹುಲ್ಲುಗಾವಲು. ನೆತ್ತಿಯುದ್ದಕ್ಕೂ ಚಾಚಿದ ಏಣು ದಾಟಿದರೆ ಇನ್ನೊಂದು ಹಳ್ಳಿಯವರ ಪಾಲು. ಏಣಿನ ಮೇಲೆ ನಿಂತರೆ ಕೊಲ್ಲಿಯಾಚೆ, ಗಡಿ ದಾಟಿದ ಬೇರೆ ದೇಶವೇ ಕಾಣುತ್ತದೆ. ಅಲ್ಲಿಯ ಕಾನೂನು ಬೇರೆ, ಗಾಳಿ ಮಾತ್ರ ಒಂದೇ.

ನಾನು ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ಮಗಳನ್ನು ನೋಡಲು ಹೋದವನು, ವಿಮಾನಗಳು ನಿಂತು ಅಲ್ಲೇ ಉಳಿದೆ. ಮಾರ್ಚಿನಲ್ಲಿ ಗೋದಾಮು ಮುಚ್ಚಿತು. ಅರ್ಪಿತಾ ಕೊರೊನಾ ವಾರ್ಡಿನ ಕೆಲಸಕ್ಕೆ ಬಿದ್ದು, ನನ್ನ ವಯಸ್ಸಿಗೆ ಹೆದರಿ, ಡ್ರೋಹೆಡಾದಲ್ಲೇ ಬೇರೆ ಕೋಣೆ ಹಿಡಿದಳು. ಮನೆಯಲ್ಲಿ ಉಳಿದವರು ಮಾವ, ಅಳಿಯ. ಎಪ್ಪತ್ತು ದಾಟಿದವರು ಹೊಸ್ತಿಲು ದಾಟಬಾರದೆಂದು ಸರ್ಕಾರ ಹೇಳಿತ್ತು. ಉಳಿದವರೂ ಮನೆಯಿಂದ ಬಹುದೂರ ಹೋಗುವಂತಿರಲಿಲ್ಲ. ನನಗೇನು, ಕುರ್ಚಿ ಸಿಕ್ಕರೆ ಸಾಕು. ಮಹಾದೇವ ಮಾತ್ರ ಗೂಟಕ್ಕೆ ಕಟ್ಟಿದ ಹೋರಿಯಾದ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಲಿಗೆ. ಕುದಿಯುವ ಹಾಲನ್ನು ಒಲೆಯ ಮೇಲೆ ಬಿಟ್ಟು ರಸ್ತೆಗೆ ಹೋಗಿ ನಿಲ್ಲುತ್ತಿದ್ದ.

"ಕೂತ್ಕೊಳ್ಳೋ ಮಾರಾಯ, ನೆಲ ಸವೀತೈತೆ," ಎಂದೆ ಒಮ್ಮೆ.

"ಬಾಡಿಗೆ ಮನೆ ಮಾವ, ಸವೀಲಿ ಬಿಡಿ," ಎಂದ.

ಗೋಡೆಯಾಚೆಯ ಮನೆ ಪೆಗ್ಗಿ ಹ್ಯಾನ್ಲನ್ ಎಂಬ ಮುದುಕಿಯದು. ಗಂಡ ತೀರಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಇದ್ದದ್ದು ಟೆಸ್ ಎಂಬ ನಾಯಿ, ಬೆಟ್ಟದ ಮೇಲೆ ಕರಿಮುಖದ ಕುರಿಗಳ ಮಂದೆ. ಬಲ ತೊಡೆಯ ಮೇಲೆ ನೀಲಿ ಬಣ್ಣ ಬಳಿದಿದ್ದರೆ ಅದು ಪೆಗ್ಗಿಯ ಕುರಿ. ಏಪ್ರಿಲ್ ಈಯುವ ಕಾಲ, ಮಂದೆಯನ್ನು ಮನೆಯ ಹಿಂದಿನ ಹೊಲಕ್ಕೆ ಇಳಿಸಿದ್ದರು. ಆಕೆಯೂ ನನ್ನಂತೆ ಹೊಸ್ತಿಲೊಳಗೆ ಕೂರಬೇಕಾದವಳು. ದಿನಕ್ಕೊಮ್ಮೆ ಸರ್ಕಾರಕ್ಕೆ ಬೈದು ಹೊರಗೆ ಬರುತ್ತಿದ್ದಳು, ಕೆಮ್ಮು ಬಂದರೆ ಒಳಗೆ ಓಡುತ್ತಿದ್ದಳು. ಒಂದು ಬೆಳಿಗ್ಗೆ ಕುರಿಯೊಂದು ಕಷ್ಟಪಡುವ ಸದ್ದು ಕೇಳಿ ಮಹಾದೇವ ಗೋಡೆ ಹಾರಿದ. ಅಡ್ಡ ಸಿಕ್ಕಿದ್ದ ಮರಿಯನ್ನು ಹೊರಳಿಸಿ ತೆಗೆದು, ಮೂಗು ಒರೆಸಿ, ತಾಯಿಯ ಬಾಯಿ ಹತ್ತಿರ ಇಟ್ಟ. ಪೆಗ್ಗಿ ಕಿಟಕಿಯಿಂದಲೇ ನೋಡಿದಳು.

"ಯಾರು ಕಲಿಸಿದ್ದು ನಿನಗೆ?"

"ನಮ್ಮಪ್ಪ."

"ಹಾಗಾದರೆ ನಾಳೆಯೂ ಬಾ."

ಆಕೆಯ ಇಂಗ್ಲಿಷು ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು, ಉಳಿದರ್ಧ ಮಹಾದೇವ ಹೇಳುತ್ತಿದ್ದ. ಅಂದಿನಿಂದ ಅವನ ಕಾಲಿಗೆ ಕೆಲಸ ಸಿಕ್ಕಿತು. ಮೇ ತಿಂಗಳಲ್ಲಿ ಮರಿಗಳ ಸಮೇತ ಮಂದೆಯನ್ನು ಬೆಟ್ಟಕ್ಕೆ ಬಿಟ್ಟರು. ಆ ದಿನ ಪೆಗ್ಗಿ ಗೋಡೆಗೆ ಒರಗಿ ಒಂದು ಮಾತು ಹೇಳಿದಳು. "ನನಗೆ ಮುಂದೆ ಯಾರೂ ಇಲ್ಲ. ಈ ವರ್ಷ ಮಾರಿಬಿಡಬೇಕು ಅಂತಿದ್ದೆ. ನೀನು ಚೆನ್ನಾಗಿ ನೋಡಿಕೊಂಡರೆ ಮಾರೋದಿಲ್ಲ. ಮಂದೆ ನಿನ್ನ ಕೈಗೆ ಬರುತ್ತೆ, ಪಾಲಿಗೆ."

ಮಹಾದೇವ ಆ ರಾತ್ರಿ ಊಟ ಮರೆತ. ಹತ್ತು ಕೆಲಸ ಬಿಟ್ಟವನು, ಒಂದನ್ನು ಹಿಡಿಯಬೇಕೆಂದು ಆಸೆಪಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ವರ್ಷದ ವಸಂತದಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ನನಗೆ ಅದು ಬಿಸಿಲೇ ಅಲ್ಲ, ಆದರೂ ಬೆಟ್ಟದ ನಮ್ಮ ಮಗ್ಗುಲಲ್ಲಿ ಹುಲ್ಲು ಕಂದಿತು. ಏಣಿನ ಆಚೆ ತೇವದ ನೆಲ, ಹಸಿರು ಹಾಗೇ ಇತ್ತು. ಮಹಾದೇವ ದಿನವೂ ಏಣು ಹತ್ತಿ ಎರಡೂ ಮಗ್ಗುಲು ನೋಡಿ ಬರುತ್ತಿದ್ದ. ಅವನ ಹಿರೀಕರ ಪಾಲಿಗೆ ಒಣಗಿದ ನೆಲದಲ್ಲಿ ಮಂದೆ ನಿಲ್ಲಿಸುವವನು ಕುರುಬನೇ ಅಲ್ಲ.

ಜೂನಿನ ಒಂದು ಮುಂಜಾನೆ ಅವನು ನಾಯಿಯನ್ನು ಕರೆಯದೆ, ಒಂದು ಬಕೆಟ್ಟಿನಲ್ಲಿ ಕುರಿಗೆ ತಿನ್ನಿಸುವ ಕಾಳಿನ ಗುಳಿಗೆ ತುಂಬಿಕೊಂಡು ಬೆಟ್ಟ ಹತ್ತಿದ. ಬಕೆಟ್ಟು ಅಲ್ಲಾಡಿಸುತ್ತ, "ಹುರ್ರ್... ಬಾ ಬಾ ಬಾ" ಎಂದು ಕೂಗುತ್ತ ಮುಂದೆ ನಡೆದ. ಕುರಿಗಳು ಹಿಂದೆ ಬಂದವು. ಏಣಿನ ಹತ್ತಿರ ಮುದಿ ಕುರಿಗಳು ನಿಂತುಬಿಟ್ಟವಂತೆ. ಮತ್ತೆ ಬಕೆಟ್ಟು, ಮತ್ತೆ ಕೂಗು. ಹೊತ್ತು ಏರುವಷ್ಟರಲ್ಲಿ ಎಲ್ಲವನ್ನೂ ಆಚೆ ಮಗ್ಗುಲಿನ ಹಸಿರಿಗೆ ಇಳಿಸಿ, ಮುಖದ ತುಂಬ ನಗುತ್ತ ಮನೆಗೆ ಬಂದ.

"ಮಾವ, ಮಂದೆ ಎಬ್ಬಿಸ್ದೆ! ಎಷ್ಟು ವರ್ಷ ಆಗಿತ್ತು ಗೊತ್ತಾ?"

"ಆ ಮುದುಕಿನ ಒಂದು ಮಾತು ಕೇಳಿದ್ಯಾ?"

"ಹಸಿದಿರೋ ಕುರಿನ ಮೇವಿಗೆ ಹೊಡಿಯಕ್ಕೆ ಯಾರನ್ನ ಕೇಳ್ಬೇಕು?"

ನನಗೂ ಸರಿ ಎನ್ನಿಸಿತು. ಇಬ್ಬರೂ ಬಿಸಿ ಬಿಸಿ ಉಪ್ಪಿಟ್ಟು ತಿಂದೆವು. ಅಷ್ಟರಲ್ಲಿ ಗೋಡೆಯಾಚೆಯಿಂದ ಕೂಗು ಬಂತು. ಪೆಗ್ಗಿ ದಿನವೂ ದುರ್ಬೀನು ಹಿಡಿದು ಬೆಟ್ಟ ನೋಡುವವಳು. ಆ ದಿನ ಬೆಟ್ಟ ಬೋಳಾಗಿತ್ತು.

"ಎಲ್ಲಿವೆ?"

ಮಹಾದೇವ ಏಣಿನ ಕಡೆ ಕೈ ತೋರಿಸಿ ಹಿಗ್ಗಿನಿಂದ ಹೇಳಿದ. ಪೆಗ್ಗಿಯ ಮುಖ ಸುಣ್ಣವಾಯಿತು. ಬೈಯುತ್ತಾಳೆಂದು ನಾನು ಕಾದೆ, ಬೈಯಲಿಲ್ಲ. ಗೋಡೆಯ ಕಲ್ಲನ್ನು ಹಿಡಿದು ನಿಧಾನವಾಗಿ ಮಾತಾಡಿದಳು.

"ಆ ಬೆಟ್ಟಕ್ಕೆ ಬೇಲಿ ಇದೆಯಾ?"

"ಇಲ್ಲ."

"ಮತ್ತೆ ನನ್ನ ಕುರಿಗಳು ಇಷ್ಟು ವರ್ಷ ಆಚೆ ಯಾಕೆ ಹೋಗಲಿಲ್ಲ?"

ಮಹಾದೇವ ಏಣಿನ ಕಡೆ ತಿರುಗಿ ನೋಡಿದ.

"ತಾಯಿ ತೋರಿಸಿಕೊಡ್ತಾಳೆ. ಹುಟ್ಟಿದ ವರ್ಷ ಬೇಸಿಗೇಲಿ ಮರಿ ಅವಳ ಹಿಂದೆ ಓಡಾಡಿ, ನಮ್ಮ ಜಾಗ ಇಲ್ಲಿಂದ ಇಲ್ಲಿಗೆ ಅಂತ ಕಲಿಯುತ್ತೆ. ಅದರ ಮರಿಗೆ ಅದು ಕಲಿಸುತ್ತೆ. ನನ್ನ ಅತ್ತೆಯ ಅತ್ತೆಯ ಕಾಲದಿಂದ ಅದೇ ಬೇಲಿ. ಹುಲ್ಲು ಒಣಗಿದರೆ ಅರೆಹೊಟ್ಟೆಲಿ ಇರ್ತವೆ, ಸಾಯಲ್ಲ. ಇವತ್ತು ಈ ವರ್ಷದ ಮರಿಗಳಿಗೆಲ್ಲ ಆಚೆಗೂ ದಾರಿ ಇದೆ ಅಂತ ನೀನು ಕಲಿಸಿಬಿಟ್ಟೆ."

ಆಚೆಯ ಹಳ್ಳಿಯ ಓವನ್ ಎಂಬ ರೈತ ಮಧ್ಯಾಹ್ನವೇ ಫೋನು ಮಾಡಿ ತನ್ನ ಹುಲ್ಲಿನಲ್ಲಿ ನೀಲಿ ತೊಡೆಯ ಕುರಿಗಳೇಕೆ ಎಂದು ಕೇಳಿದ. ಸಂಜೆಯೊಳಗೆ ಮಹಾದೇವ, ಟೆಸ್ ಸೇರಿ ಮಂದೆಯನ್ನು ಈಚೆಗೆ ತಂದರು. ಮುದಿ ಕುರಿಗಳು ಬಂದು ತಮ್ಮ ಜಾಗದಲ್ಲಿ ಮಲಗಿದವು. ಮರಿಗಳು ಮರುದಿನ ಬೆಳಿಗ್ಗೆ ಮತ್ತೆ ಏಣು ದಾಟಿದ್ದವು, ಅವುಗಳ ಹಿಂದೆ ಅರಚುತ್ತ ಕೆಲವು ಎಳೆ ತಾಯಂದಿರೂ. ಅದರ ಮಾರನೆಯ ದಿನವೂ ಅದೇ. ಬೇಲಿ ಮರೆತ ಮಂದೆ ಬೇಡವೆಂದು ಪೆಗ್ಗಿ ಕುರಿ ವ್ಯಾಪಾರಿಗೆ ಮಾತು ಕೊಟ್ಟಳು. ಶರತ್ಕಾಲದಲ್ಲಿ ಎರಡೂ ಹಳ್ಳಿಯವರು ಒಂದೇ ದಿನ ಬೆಟ್ಟ ಜಾಲಾಡಿ ಕುರಿಗಳನ್ನು ಇಳಿಸುತ್ತಾರೆ. ಆ ದಿನ ಇಡೀ ಮಂದೆ ಲಾರಿಗೆ.

"ಅಲ್ಲೀವರೆಗೆ ಟೈಮ್ ಕೊಡಿ," ಎಂದು ಮಹಾದೇವ ಕೇಳಿದ. "ನಾನು ಕಲಿಸಿದ್ದನ್ನ ನಾನೇ ಮರೆಸ್ತೀನಿ."

"ಹೇಗೆ?"

"ಮೇಲೆ ನಿಂತ್ಕೋತೀನಿ."

ಪೆಗ್ಗಿ ನಕ್ಕಳು. "ನೀನಾ? ನಿಲ್ಲೋದಾ?"

ನಿಲ್ಲುವುದೆಂದರೆ ಅಷ್ಟೇ: ಏಣಿನ ಮೇಲೆ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಇದ್ದು, ದಾಟಲು ಬಂದ ಕುರಿಯನ್ನು ತಿರುಗಿಸುವುದು. ಬೇರೆ ಯಾವ ಉಪಾಯವೂ ಇಲ್ಲ. ಜುಲೈನಲ್ಲಿ ಮಳೆ ಬಂತು, ಮಂಜು ಬಂತು. ಒಂದು ದಿನ ಅವನಿಗೆ ಊಟ ಕೊಡಲು ನಾನು ಏದುಸಿರು ಬಿಡುತ್ತ ಮೇಲೆ ಹೋದೆ. ಅವನು ನಿಂತಿರಲಿಲ್ಲ. ಏಣಿನುದ್ದಕ್ಕೂ ಅತ್ತಿಂದಿತ್ತ ನಡೆಯುತ್ತಿದ್ದ, ಹೆದರ್ ಎಂಬ ಕುರುಚಲು ಗಿಡಗಳ ನಡುವೆ ಕಾಲುದಾರಿಯೇ ಬಿದ್ದಿತ್ತು. ಟೆಸ್ ಮಲಗಿ ಕಣ್ಣಿನಲ್ಲೇ ಅವನನ್ನು ಹಿಂಬಾಲಿಸುತ್ತಿತ್ತು.

"ಏನಯ್ಯ, ಕುರಿ ಕಾಯ್ತಿದ್ಯೋ ಕವಾಯತು ಮಾಡ್ತಿದ್ಯೋ?"

"ಮಾವ, ಹುಚ್ಚು ಹಿಡಿಯುತ್ತೆ ಇಲ್ಲಿ. ಅಲ್ನೋಡಿ ಕಡಲು, ಅಲ್ನೋಡಿ ರೋಡು. ಎಲ್ಲಾ ಹೋಗ್ತಾ ಐತೆ. ನಾನೊಬ್ನೇ ಇಲ್ಲಿ ಕಂಬ."

"ಹಂಗಾದ್ರೆ ಇಳಿದು ಬಾ."

ಅವನು ಡಬ್ಬಿಯ ಮುಚ್ಚಳ ತೆಗೆದು, ಎರಡು ತುತ್ತು ತಿಂದು, ಮರಿಯೊಂದು ನುಸುಳುವುದನ್ನು ಕಂಡು ಅನ್ನವನ್ನು ಹಾಗೇ ಬಿಟ್ಟು ಓಡಿದ.

ಆಗಸ್ಟಿನಲ್ಲಿ ಅರ್ಪಿತಾ ಮನೆಗೆ ಬಂದಳು. ಕೆನ್ನೆಯ ಮೇಲೆ ಮಾಸ್ಕಿನ ಗೆರೆ ಕಪ್ಪಾಗಿ ಉಳಿದಿತ್ತು. ಗೋದಾಮು ತೆರೆದು ಮಹಾದೇವನನ್ನು ಮತ್ತೆ ಕರೆದಿದ್ದರು. ಗಂಡ ಹೆಂಡತಿ ನನ್ನ ಮುಂದೆಯೇ ಜಗಳಕ್ಕೆ ಕೂತರು.

"ಡ್ರೋಹೆಡಾಗೆ ಹೋಗೋಣ ರೀ. ಡ್ಯೂಟಿ ಮುಗ್ಸಿ ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬರಕ್ಕೆ ನನ್ ಕೈಲಾಗಲ್ಲ. ನಿಮಗೆ ಜಾಬ್ ಐತೆ, ಮನೆ ಸಿಗುತ್ತೆ. ಆ ಕುರಿ ಹೆಂಗಿದ್ರೂ ಮಾರ್ತಾರಲ್ಲ?"

"ಮಾರ್ತಾರೋ ಇಲ್ವೋ ಗೊತ್ತಿಲ್ಲ."

"ಪ್ರತಿ ಸಲ ಮನೆ ಬದ್ಲಾಯ್ಸೋಣ ಅಂದಿದ್ದು ನೀವು. ಈಗ ನಾನು ಅಂದ್ರೆ ಆಗಲ್ವಾ?"

"ಈಗ ನಾನು ಹೋದ್ರೆ ಆ ಮರಿಗಳು ಯಾವ ಕಡೇದೂ ಆಗಲ್ಲ ಅರ್ಪಿತಾ. ಕೆಡಿಸಿದ್ದು ನಾನು."

ಮೇಜಿನ ಕೆಳಗೆ ಅವನ ಮೊಣಕಾಲು ಕುಣಿಯುತ್ತಿತ್ತು. "ಕುರಿ ಇಳ್ಸೋ ದಿನದವರೆಗೆ," ಎಂದಳು ಅರ್ಪಿತಾ. "ಆಮೇಲೆ ನಾನು ಹೇಳ್ದಂಗೆ."

ಸೆಪ್ಟೆಂಬರ್ ಕೊನೆಯಲ್ಲಿ ಆ ದಿನ ಬಂತು. ಒಬ್ಬರಿಂದೊಬ್ಬರು ದೂರ ನಿಂತು, ಶಿಳ್ಳೆ ಹಾಕುತ್ತ, ನಾಯಿಗಳನ್ನು ಓಡಿಸುತ್ತ, ಎರಡೂ ಹಳ್ಳಿಯವರು ಬೆಟ್ಟ ಜಾಲಾಡಿದರು. ಬೆಟ್ಟದ ಈ ಮಗ್ಗುಲಿನಲ್ಲಿ ಮೇಯುತ್ತಿದ್ದವು ಈ ಕಡೆಗೆ, ಆ ಮಗ್ಗುಲಿನವು ಆ ಕಡೆಗೆ ಇಳಿಯುತ್ತವೆ. ಬೆಳಗಿನ ಜಾವವೇ ಶುರುವಾಗಿದ್ದರಿಂದ ಅಂದು ಏಣಿನ ಮೇಲೆ ಕಾವಲಿರಲಿಲ್ಲ. ಯಾವ ಕುರಿ ಎಲ್ಲಿ ಮಲಗಿತ್ತೋ, ಅದು ತನ್ನ ಜಾಗ ಕಲಿಯಿತೋ ಇಲ್ಲವೋ ಎಂಬುದಕ್ಕೆ ಅದೇ ಉತ್ತರ.

ಪೆಗ್ಗಿ ಅಂಗಳದಲ್ಲಿ ಮಾಸ್ಕ್ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು. ವ್ಯಾಪಾರಿಯ ಲಾರಿ ಗೇಟಿನ ಹೊರಗೆ ನಿಂತಿತ್ತು. ಇಳಿಜಾರಿನ ಮೇಲೆ ಕುರಿಗಳು ಹರಿದು ಬಂದವು: ಮುದಿ ಕುರಿಗಳು, ಅವುಗಳ ಮರಿಗಳು, ನಾವು ಆಸೆ ಕೈಬಿಟ್ಟಿದ್ದ ಎಳೆ ತಾಯಂದಿರೂ. ಆಮೇಲೆ ಓವನ್ ತನ್ನ ಗಾಡಿಯಲ್ಲಿ ಆಚೆ ಇಳಿದಿದ್ದ ನೀಲಿ ತೊಡೆಯವನ್ನು ತಂದ. ಮಂದೆಯ ಕಾಲುಭಾಗದಷ್ಟು ಇರಬಹುದು. ಮಹಾದೇವ ಗಾಡಿಯೊಳಗೆ ಇಣುಕಿ ನೋಡಿ, ತಲೆ ತಗ್ಗಿಸಿ ಗೋಡೆಗೆ ಒರಗಿದ.

ವ್ಯಾಪಾರಿ ಲಾರಿಯ ಹಲಗೆ ಇಳಿಸಿದ. "ಎಲ್ಲವೂ ತಾನೇ, ಪೆಗ್ಗಿ?"

ಪೆಗ್ಗಿ ಓವನ್‌ನ ಗಾಡಿಯ ಕಡೆ ಕೋಲು ತೋರಿಸಿದಳು. "ಅವು ಮಾತ್ರ."

ಮಹಾದೇವ ತಲೆ ಎತ್ತಿದ. "ಅವುಗಳ ತಪ್ಪಲ್ಲ. ತಪ್ಪು ನಂದು."

"ಹೌದು, ನಿಂದೇ. ಅದಕ್ಕೇ ನೀನೇ ಹತ್ತಿಸು."

ಅವನು ಒಂದೊಂದನ್ನೇ ಹಿಡಿದು ಲಾರಿಗೆ ಹತ್ತಿಸಿದ. ಅವುಗಳಲ್ಲಿ ಏಪ್ರಿಲಿನಲ್ಲಿ ಅವನೇ ಹೊರಳಿಸಿ ತೆಗೆದ ಮರಿಯೂ ಇತ್ತು ಎಂದು ಆಮೇಲೆ ಹೇಳಿದ. ಲಾರಿ ತಿರುವಿನಲ್ಲಿ ಮರೆಯಾಯಿತು.

"ಉಳಿದವು ಇನ್ನೂ ಪೂರ್ತಿ ಕಲಿತಿಲ್ಲ," ಎಂದಳು ಪೆಗ್ಗಿ. "ಬರೋ ಬೇಸಿಗೆಯೂ ಮೇಲೆ ಒಬ್ಬರು ಇರಬೇಕು. ಅದರ ಮುಂದಿನ ಬೇಸಿಗೆಯೂ. ಇರ್ತೀಯಾ?"

"ನೋಡೋಣ."

"ನೋಡೋಣ ಅನ್ನೋರಿಗೆ ಮಂದೆ ಕೊಡಲ್ಲ. ಸಂಜೆ ಹೇಳು, ಇಲ್ಲದಿದ್ದರೆ ನಾಳೆ ಲಾರಿ ಮತ್ತೆ ಬರುತ್ತೆ."

ಆ ದಿನವೆಲ್ಲ ಮಹಾದೇವ ಹಿತ್ತಲು, ರಸ್ತೆ, ಹಿತ್ತಲು ಎಂದು ಸುತ್ತಿದ. ಅರ್ಪಿತಾಳಿಗೆ ಫೋನು ಮಾಡಿ, ಮಾತು ಹೊರಡದೆ ಇಟ್ಟುಬಿಟ್ಟ. ಅವಳೇ ಮರಳಿ ಮಾಡಿದಳು. ನನಗೆ ಕೇಳಿಸಿದ್ದು ಇವನ ಮಾತು ಮಾತ್ರ. "ಹೂಂ... ಇಲ್ಲ, ಎಲ್ಲಾ ಬಂದಿಲ್ಲ... ಹೂಂ, ನೀನು ಹೇಳ್ದಂಗೆ ಅಂತ ಒಪ್ಪಿದ್ದು ನಿಜ... ಎರಡು ಬೇಸಿಗೆ... ನನಗೂ ಭಯ ಐತೆ ಕಣೇ." ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡ.

ಫೋನು ಜೇಬಿಗಿಟ್ಟು ನನ್ನ ಕಡೆ ತಿರುಗಿದ. "ಡ್ರೋಹೆಡಾದ ರೂಮು ಅವಳು ಬಿಡಲ್ವಂತೆ. ವಾರಕ್ಕೊಂದು ಸಲ ಬರ್ತಾಳಂತೆ. ನಾನು ಇನ್ನೊಂದು ಊರಿಗೆ ಹೊರಡೋ ಮಾತೆತ್ತಿದ್ರೆ ಮಾತ್ರ ಕಾಲು ಮುರೀತಾಳಂತೆ."

"ಡಾಕ್ಟರ್ ಅಲ್ವಾ, ಮುರಿದು ಅವಳೇ ಕಟ್ತಾಳೆ ಬಿಡು," ಎಂದೆ.

ಅವನು ನಗಲಿಲ್ಲ. ಗೋಡೆಯ ಹತ್ತಿರ ಹೋಗಿ ಕಿಟಕಿಯ ಕಡೆಗೆ ಕೂಗಿದ. ಪೆಗ್ಗಿ ಕಿಟಕಿ ಎತ್ತಿದಳು.

"ಇರ್ತೀನಿ."

"ಎಲ್ಲಿವರೆಗೆ?"

"ಅವು ಕಲಿಯೋವರೆಗೆ."

"ಗ್ರ್ಯಾಂಡ್," ಎಂದು ಆ ಕಡೆಯವರ ರೀತಿಯಲ್ಲಿ ಒಪ್ಪಿದಳು ಆಕೆ, ಹವಾಮಾನ ಹೇಳುವವಳ ಹಾಗೆ. "ಬೆಳಿಗ್ಗೆ ಮತ್ತೆ ಮೇಲಕ್ಕೆ ಬಿಡೋಣ. ಗಾಳಿ ಜೋರಿರುತ್ತೆ, ಒಳ್ಳೆ ಕೋಟು ಹಾಕ್ಕೊಂಡು ಬಾ."

ಕಿಟಕಿ ಮುಚ್ಚಿತು. ಮಹಾದೇವ ಎರಡೂ ಕೈಗಳಿಂದ ಗೋಡೆಯ ಮೇಲಿನ ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡು, ಓಡಿಹೋಗುವ ಯಾವುದನ್ನೋ ಹಿಡಿದು ನಿಲ್ಲಿಸುವವನಂತೆ, ಕತ್ತಲಾಗುವವರೆಗೂ ಅಲ್ಲೇ ನಿಂತಿದ್ದ.