ಅತ್ಯಾನ ನೀರು

ನಮ್ಮ ಮನೆಯಲ್ಲಿ ಬಿಸಿನೀರು ಬಾರದೆ ಹೋದದ್ದು ನನ್ನ ತಪ್ಪಿನಿಂದ, ಅತ್ಯಾನಿಂದ ಅಲ್ಲ. ಇಷ್ಟು ಸಣ್ಣ ಮಾತು ಹೇಳಲು ಇಷ್ಟು ವರ್ಷ ತೆಗೆದುಕೊಂಡೆ — ಮೊದಲು ಕೇಳಬೇಕಾಗಿದ್ದವರು ಈಗ ಇಲ್ಲ.

ಅತ್ಯಾ ಎಂದರೆ ನನ್ನ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮೊಂದಿಗೇ ಉಳಿದವರು. ನನ್ನನ್ನು ಎತ್ತಿ ಆಡಿಸಿದರು, ಆಮೇಲೆ ಪುಣೆಗೆ ಬಂದು ನನ್ನ ಮಗಳನ್ನೂ ಆಡಿಸಿದರು. ಆಗ ನಮ್ಮ ಮನೆ ವಿಮಾನ ನಗರದಲ್ಲಿ. ನಾನು ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಗೀಝರ್ ಸಾಕು ಎಂದು ಹೆಂಡತಿ ಸುಮಾ ಹೇಳಿದರೂ ಕೇಳದೆ ಹಿಂದಿನ ಗ್ಯಾಲರಿಯಲ್ಲಿ ಹೀಟ್ ಪಂಪ್ ಕೂಡಿಸಿದೆ — ಸುತ್ತಲಿನ ಗಾಳಿಯ ಶಾಖವನ್ನೇ ಎಳೆದುಕೊಂಡು ಟಾಕಿಯ ನೀರು ಕಾಯಿಸುವ ಯಂತ್ರ. ಅದು ಗೀಝರಿನಂತೆ ಚಟ್ಟನೆ ಕಾಯಿಸದು, ತಾಸುಗಟ್ಟಲೆ ನಡೆಯಬೇಕು. ಅದಕ್ಕೆಂದೇ ನಸುಕಿಗೆ ಮೊದಲೇ ಶುರುವಾಗುವಂತೆ ಟೈಮರ್ ಹಚ್ಚಿದ್ದೆ. ಬಂದವರಿಗೆಲ್ಲ ತೋರಿಸಿ ಕೊರೆಯುತ್ತಿದ್ದೆ. ಚಹಾ ಕುಡಿಯಲು ಬಂದವರು, ಪಾಪ, ಗ್ಯಾಲರಿಯಲ್ಲಿ ನಿಂತು ತಲೆಯಾಡಿಸುತ್ತಿದ್ದರು.

ಚಳಿಗಾಲದಲ್ಲಿ ಯಂತ್ರ ಕೈಕೊಟ್ಟಿತು. ಉಷ್ಣತೆಯ ಗುಂಡಿ ಏರಿಸಿದೆ, ಪೈಪಿಗೆ ಬಟ್ಟೆ ಸುತ್ತಿದೆ — ಬೆಳಿಗ್ಗೆ ನೀರು ತಣ್ಣಗೇ. ನನ್ನ ಯಂತ್ರದಲ್ಲಿ, ಅಂದರೆ ನನ್ನಲ್ಲಿ, ತಪ್ಪಿದೆ ಎಂದು ಒಪ್ಪುವುದು ನನ್ನ ಜಾಯಮಾನವಲ್ಲ. ಎಲ್ಲರಿಗಿಂತ ಮೊದಲು ಬಚ್ಚಲಿಗೆ ಹೋಗುತ್ತಿದ್ದವರು ಅತ್ಯಾ. ಮಡಿಯ ಜಳಕ, ಬಕೆಟ್ ಮೇಲೆ ಬಕೆಟ್ ಸುರಿಯುವ ಸದ್ದು ಕೇಳುತ್ತಿತ್ತು. ಒಂದು ಬೆಳಿಗ್ಗೆ ಎಲ್ಲರೆದುರು ಅಂದೇಬಿಟ್ಟೆ:

“ಅತ್ಯಾ, ನಿಮ್ಮ ಮಡಿ ಸಲುವಾಗಿ ಮನಿ ಮಂದಿಯೆಲ್ಲಾ ತಣ್ಣೀರು ಹಾಕ್ಕೋಬೇಕೇನ್ರಿ?”

ಒದ್ದೆ ಸೀರೆ ಹಿಂಡುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. “ಇಲ್ಲೋ ಅಪ್ಪಿ, ಇನ್ನ ಹಂಗ ಆಗೂದಿಲ್ಲ,” ಎಂದರು. ವಾರ ಕಳೆಯುವಷ್ಟರಲ್ಲಿ ಬೆಳಗಾವಿಯ ನನ್ನ ತಂಗಿಯ ಮನೆಗೆ ಹೊರಟರು.

ಅವರನ್ನು ಬಸ್ಸು ಹತ್ತಿಸಿ ಬಂದವನು, ಮನಸ್ಸು ತಡೆಯದೆ, ಟೈಮರಿನ ಮುಚ್ಚಳ ತೆಗೆದೆ. ಸಂಜೆಯಾಗಿತ್ತು, ಅದರ ಗಡಿಯಾರದಲ್ಲಿ ಇನ್ನೂ ಬೆಳಗು. ಅದು ಲೋಡ್‌ಶೆಡ್ಡಿಂಗ್ ಕಾಲ. ಕರೆಂಟು ಹೋದಷ್ಟು ಹೊತ್ತು ಆ ಗಡಿಯಾರವೂ ನಿಲ್ಲುತ್ತಿತ್ತು, ದಿನದಿನಕ್ಕೆ ಹಿಂದೆ ಬೀಳುತ್ತಿತ್ತು. ನಾವು ನಡುಗುತ್ತ ಜಳಕ ಮುಗಿಸಿ ಹೊರಬಿದ್ದ ಮೇಲೆ ಯಂತ್ರ ನಿಧಾನವಾಗಿ ನೀರು ಕಾಯಿಸುತ್ತಿತ್ತು. ಅದೆಲ್ಲ ಬಟ್ಟೆಗೆ, ಪಾತ್ರೆಗೆ ಹೋಗುತ್ತಿತ್ತು. ಎಂಜಿನಿಯರನಾದ ನನಗೆ ಇದು ಹೊಳೆದಿರಲಿಲ್ಲ. ಮುಳ್ಳು ತಿರುವಿ ಸರಿಪಡಿಸಿದೆ. ಯಾರಿಗೂ ಹೇಳಲಿಲ್ಲ.

ಮರುದಿನ ಹಬೆಯಾಡುವ ನೀರು! “ಅತ್ಯಾ ಹೋದ್ರು, ನೀರು ಬಂತು ನೋಡ್ರಿ,” ಎಂದು ಸುಮಾ ನಕ್ಕಳು. ನಾನೂ ನಕ್ಕೆ — ಆ ನಗೆ ನೆನೆದರೆ ಈಗಲೂ ಮೈ ಉರಿಯುತ್ತದೆ. ಅಂದಿನಿಂದ ನಳದಲ್ಲಿ ತಣ್ಣೀರು ಬಂದರೆ ನಮ್ಮ ಮನೆಯಲ್ಲಿ ಅದಕ್ಕೆ ‘ಅತ್ಯಾನ ನೀರು’ ಎಂದೇ ಹೆಸರು.

ಮುಂದೊಮ್ಮೆ ಬೆಳಗಾವಿಗೆ ಹೋಗಿದ್ದೆ. ತಂಗಿ ಬಿಸಿನೀರು ತೋಡಲು ಹೋದರೆ ಅತ್ಯಾ ಬೇಡವೆಂದರು. “ಮಡಿಗೆ ನಾ ಎಂದೂ ತಣ್ಣೀರ ಹಾಕ್ಕೊಳ್ಳಾಕಿ.”

ನಾನು ಅವರತ್ತ ತಿರುಗಿದೆ. “ನಮ್ಮ ಮನ್ಯಾಗೂ ಏನ್ರಿ?”

“ಹೂಂ ಮತ್ತ.”

“ಅವತ್ತ ಯಾಕ ಹೇಳ್ಲಿಲ್ರಿ?”

“ನೀ ಕಲ್ತಾಂವ. ನಾ ತಣ್ಣೀರಿನ ನಳ ತಿರುವಿದ್ರೂ ನಿನ್ನ ಮಷೀನಿಗೆ ಏನರೇ ಆಗ್ತಿರಬೇಕು ಅಂದ್ಕೊಂಡೆ. ಹೌದೇನೋ ಅಪ್ಪಿ?”

ಆಗಲಾದರೂ ನಿಜ ಹೇಳಿ, ಕಾಲು ಹಿಡಿದು, ಮನೆಗೆ ಕರೆದುಕೊಂಡು ಬರಬಹುದಿತ್ತು. ಅವರು ಕಾಯುತ್ತಿದ್ದರು ಅನಿಸುತ್ತದೆ. ನಾನು —

“ಇರಬಹುದ್ರಿ,” ಎಂದೆ.

ಅತ್ಯಾ ಬೆಳಗಾವಿಯಲ್ಲೇ ತೀರಿಕೊಂಡರು. ಆ ಯಂತ್ರವೂ ಗುಜರಿಗೆ ಹೋಯಿತು. ಹೆಸರು ಮಾತ್ರ ಉಳಿದಿದೆ. ದೀಪಾವಳಿಯ ಎಣ್ಣೆನೀರಿಗೆ ಮಗಳು ಬರುತ್ತಾಳೆ. ನಳ ತಿರುವಿ, ಬಿಸಿ ಬರುವ ಮೊದಲು, “ಅಯ್ಯ, ಅತ್ಯಾನ ನೀರು!” ಎಂದು ಕೂಗುತ್ತಾಳೆ, ಪ್ರತಿ ಸಲದ ಹಾಗೆ. ಈ ಸಲ ಬಚ್ಚಲ ಬಾಗಿಲಲ್ಲಿ ನಿಂತು, ಸುಮಾಗೂ ಕೇಳುವ ಹಾಗೆ ಹೇಳುತ್ತೇನೆ: ಅದು ನನ್ನ ನೀರು.