ಬೆಂಚಿನ ಮೇಲಿನ ಬಾಳ್ಯಾ

ಬಾಳ್ಯಾ ದೊಡ್ಡ ತಂಡಕ್ಕೆ ಹೋದರೆ ಕೆಡುತ್ತಾನೆ ಎಂದು ನಾನು ಮೊದಲೇ ಹೇಳಿದ್ದೆ. ಇದು ನನಗೆ ಚೆನ್ನಾಗಿ ನೆನಪಿದೆ. ತೊಂದರೆ ಏನೆಂದರೆ, ನಮ್ಮ ಬಳಗದ ಉಳಿದ ಮೂವರಿಗೂ ಈ ಮಾತನ್ನು ತಾವೇ ಮೊದಲು ಹೇಳಿದ್ದು ಅಷ್ಟೇ ಚೆನ್ನಾಗಿ ನೆನಪಿದೆ.

ಬಾಳ್ಯಾ ಯಾರು ಎಂಬುದನ್ನು ಹೇಳಿಬಿಡುತ್ತೇನೆ. ಅವನು ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡುವ, ತಲೆಗೆ ಹೇರ್‌ಬ್ಯಾಂಡ್ ಹಾಕುವ ಒಬ್ಬ ಹುಡುಗ. ಅವನ ನಿಜವಾದ ಹೆಸರಿನಲ್ಲಿ ವ್ಯಂಜನಗಳು ಸಿಟಿ ಬಸ್ಸಿನ ಜನರ ಹಾಗೆ ಒಂದರ ಕಾಲ ಮೇಲೊಂದು ನಿಂತಿವೆ. ಅದನ್ನು ಉಚ್ಚರಿಸಲು ನಾನು ಪಡುತ್ತಿದ್ದ ಪಾಡು ನೋಡಲಾಗದೆ ನನ್ನ ಹೆಂಡತಿ ವಸುಧಾ ಅವನಿಗೆ ಬಾಳ್ಯಾ ಎಂದು ನಾಮಕರಣ ಮಾಡಿದಳು. ಧಾರವಾಡದಲ್ಲಿ ಅವಳ ಓಣಿಯಲ್ಲಿ ಹಾಗೆಯೇ ಓಡುತ್ತಿದ್ದ ಒಬ್ಬ ಬಾಳ್ಯಾ ಇದ್ದನಂತೆ.

ನಾವು ಆಡುವುದು ಫ್ಯಾಂಟಸಿ ಫುಟ್‌ಬಾಲ್. ಆಡುವುದು ಎಂದರೆ ಮೊಬೈಲ್ ಹಿಡಿದು ಕೂರುವುದು. ಎಲ್ಲರಿಗೂ ಒಂದೇ ಮೊತ್ತದ ಸುಳ್ಳು ದುಡ್ಡು ಕೊಡುತ್ತಾರೆ. ಅದರಲ್ಲಿ ನಿಜವಾದ ಆಟಗಾರರನ್ನು ಕೊಂಡು ತಂಡ ಕಟ್ಟಬೇಕು. ಅವರು ಅಲ್ಲಿ ಗೋಲು ಹೊಡೆದರೆ ನಮಗೆ ಇಲ್ಲಿ ಅಂಕ. ನಮ್ಮದು ನಾಲ್ಕೇ ಜನರ ಪಂದ್ಯಾವಳಿ. ನಾನು, ವಸುಧಾ, ಊರಾಚೆ ಮಿಹಾನಿನ ಕಾರ್ಖಾನೆಯಲ್ಲಿ ವಿಮಾನ ರಿಪೇರಿ ಮಾಡುವ ಅವಳ ತಮ್ಮ ಪ್ರಹ್ಲಾದ, ಎಂಜಿನಿಯರಿಂಗ್ ಓದುವ ಅವನ ಮಗಳು ಇರಾ. ಭಾನುವಾರ ಬೆಳಿಗ್ಗೆ ಈ ಮರಾಠಿ ಊರಿನ ಪ್ರತಾಪ ನಗರದಲ್ಲಿರುವ ನಮ್ಮ ಮನೆಯಲ್ಲಿ, ಅವಲಕ್ಕಿಯ ಮೇಲೆ ತರ್ರಿ ಎಂಬ ಖಾರದ ರಸ ಸುರಿದುಕೊಂಡು, ನೋಡದ ಊರಿನ ಆಟಗಾರರ ಮೊಣಕಾಲಿನ ಬಗ್ಗೆ ಚಿಂತಿಸುತ್ತೇವೆ. ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಎಲ್ಲವನ್ನೂ ಸಂಶಯಿಸುವವನು ಮೋಸ ಹೋಗುವುದಿಲ್ಲ ಎಂಬ ನಂಬಿಕೆಯಿಂದ ಈ ಆಟಕ್ಕಿಳಿದೆ. ಆ ನಂಬಿಕೆಯೊಂದನ್ನು ಮಾತ್ರ ಸಂಶಯಿಸಿರಲಿಲ್ಲ. ಪ್ರತಿ ವರ್ಷ ಕೊನೆಯ ಸ್ಥಾನ ನನ್ನದೇ.

ಈ ಆಟದ ನಿಜವಾದ ರೋಚಕತೆ ಇರುವುದು ಆಟ ಇಲ್ಲದ ದಿನಗಳಲ್ಲಿ. ಜೂನ್ ಬಂತೆಂದರೆ ತಂಡಗಳು ಆಟಗಾರರನ್ನು ಕೊಳ್ಳತೊಡಗುತ್ತವೆ, ಮಾರತೊಡಗುತ್ತವೆ. ಆಗ ಬೆಲೆಗಳು ಹುಚ್ಚೆದ್ದು ಕುಣಿಯುತ್ತವೆ. ಸಣ್ಣ ತಂಡದಲ್ಲಿ ಎಲ್ಲಾ ಫ್ರೀಕಿಕ್ಕುಗಳನ್ನೂ ತಾನೇ ಒದೆಯುತ್ತಿದ್ದವನು ದೊಡ್ಡ ತಂಡಕ್ಕೆ ಹೋದ ಕೂಡಲೇ ಜನ ಅವನನ್ನು ಮುಗಿಬಿದ್ದು ಕೊಳ್ಳುತ್ತಾರೆ. ಆಮೇಲೆ ನೋಡಿದರೆ ಆ ಜಾಗದಲ್ಲಿ ಅಲ್ಲಿ ಮೊದಲೇ ಮೂವರಿದ್ದಾರೆ. ಇವನು ಆಡಲು ಸಿಗದೆ, ಒಳ್ಳೆಯ ಜಾಕೆಟ್ ಹಾಕಿಕೊಂಡು ಬೆಂಚಿನ ಮೇಲೆ. ಇನ್ನೂ ಪಾಪ ಅನಿಸುವುದು ಎಲ್ಲಿಗೂ ಹೋಗದೆ ಬೆಲೆ ಕಳೆದುಕೊಂಡವನನ್ನು ನೋಡಿದಾಗ. ಅವನು ಚೆಂಡನ್ನು ಮೊದಲಿನಷ್ಟೇ ನಾಜೂಕಾಗಿ ಮುಂದಕ್ಕೆ ದಾಟಿಸುತ್ತಾನೆ, ಆದರೆ ಗೋಲಿಗೆ ಹೊಡೆಯುತ್ತಿದ್ದ ಗೆಳೆಯ ಬೇರೆ ತಂಡ ಸೇರಿದ್ದಾನೆ. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಕಚೇರಿಯಲ್ಲಿ ನಾನು ಬರೆದ ಟಿಪ್ಪಣಿಗಳನ್ನು ಓದಿ ತಲೆದೂಗುತ್ತಿದ್ದ ಅಧಿಕಾರಿಗೆ ವರ್ಗವಾಯಿತು. ಹೊಸಬರು ಕೊನೆಯ ಸಾಲು ಮಾತ್ರ ಓದುತ್ತಾರೆ. ನನ್ನ ಕುರ್ಚಿ ಅಲ್ಲೇ ಇದೆ, ಶೈಲಿಯೂ ಅದೇ; ಬೆಲೆ ಮಾತ್ರ ಇಳಿದಿದೆ.

ಮಾರುಕಟ್ಟೆಯ ಈ ನಿರ್ದಯತೆಗೆ ಕಡಿವಾಣ ಹಾಕಲು ನಾವು ಒಂದು ಮನೆಯ ನಿಯಮ ಮಾಡಿಕೊಂಡಿದ್ದೇವೆ. ಹಿಂದಿನ ವರ್ಷದ ತಂಡದಿಂದ ಒಬ್ಬನನ್ನು ಪ್ರತಿಯೊಬ್ಬರೂ ಉಳಿಸಿಕೊಳ್ಳಲೇಬೇಕು, ವರ್ಷವಿಡೀ ಬಿಡುವಂತಿಲ್ಲ. ಅವನನ್ನು ಮನೆಅಳಿಯ ಎನ್ನುತ್ತೇವೆ. ಹೊಸ ಬೆಲೆಗಳು ಬರುವ ಮೊದಲೇ, ಜೂನಿನ ಒಂದು ಭಾನುವಾರ, ಮನೆಅಳಿಯನನ್ನು ಘೋಷಿಸಬೇಕು. ಬುದ್ಧಿವಂತರು ಎಲ್ಲಿಗೂ ಹೋಗದ ಗೋಲ್‌ಕೀಪರನನ್ನು ಉಳಿಸಿಕೊಳ್ಳುತ್ತಾರೆ. ಈ ಜೂನಿನಲ್ಲಿ ವಸುಧಾ ಮಾತ್ರ, ದೊಡ್ಡ ತಂಡ ಸೇರಿ ವರ್ಷವಿಡೀ ಬೆಂಚು ಕಾದ ಬಾಳ್ಯಾನನ್ನು ಉಳಿಸಿಕೊಳ್ಳುತ್ತೇನೆ ಎಂದಳು.

ಅವಳು ಹಾಗೆಂದದ್ದಕ್ಕೆ ಕಾರಣ ನಮಗೆಲ್ಲ ಗೊತ್ತಿತ್ತು. ವಸುಧಾ ಬಹಳ ವರ್ಷ, ಊರಿನ ಮೂಲ ಪೇಟೆಯಾದ ಮಹಾಲಿನ ಒಂದು ಹಳೆಯ ವಾಡೆಯಲ್ಲಿ ನಡೆಯುವ ಸಣ್ಣ ಶಾಲೆಯಲ್ಲಿ ಗಣಿತ ಕಲಿಸಿದಳು. ಹೋದ ವರ್ಷ, ಇದೇ ಹಂಗಾಮಿನಲ್ಲಿ, ಊರಾಚೆಯ ಒಂದು ದೊಡ್ಡ ಶಾಲೆ ಕರೆಯಿತು. ಹೆಚ್ಚು ಸಂಬಳ, ಮನೆ ಮುಂದೆ ಬಸ್ಸು, ಎ.ಸಿ. ಇರುವ ಸ್ಟಾಫ್‌ರೂಮ್. ಹೋದಳು. ಅಲ್ಲಿ ಗಣಿತಕ್ಕೆ ಮೊದಲೇ ಮೂವರಿದ್ದರು. ರಜೆ ಹಾಕಿದವರ ತರಗತಿ ಕಾಯುವುದು, ಕಂಪ್ಯೂಟರಿಗೆ ಅಂಕ ತುಂಬುವುದು, ವಾರ್ಷಿಕೋತ್ಸವಕ್ಕೆ ರಂಗೋಲಿ ಬಿಡಿಸುವುದು ಇವಳ ಪಾಲಿಗೆ ಬಂತು. ಈಗ ಮಹಾಲಿನ ಹಳೆಯ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದ್ದರು: ಜಾಗ ಖಾಲಿಯಿದೆ, ವಾಪಸು ಬರುವುದಾದರೆ ಸೋಮವಾರದೊಳಗೆ ತಿಳಿಸು. ಸಂಬಳ ಹಳೆಯದೇ. ಶಾಲೆಗಳು ತೆರೆಯಲು ಹೆಚ್ಚು ದಿನ ಉಳಿದಿರಲಿಲ್ಲ. ಹೋಗಬೇಕೋ ಇಲ್ಲೇ ಇರಬೇಕೋ ಎಂದು ವಸುಧಾ ಮೂರು ದಿನಗಳಿಂದ ಸಾರಿಗೆ ಉಪ್ಪು ಹಾಕುವುದನ್ನೂ ಮರೆಯುತ್ತಿದ್ದಳು.

"ಆತ್ಯಾ, ಬಿಟ್ಟಬಿಡು ಅವನ್ನ," ಎಂದಳು ಇರಾ. ಅವಳು ಸೋದರತ್ತೆಯನ್ನು ಮರಾಠಿಯವರಂತೆಯೇ ಕರೆಯುತ್ತಾಳೆ. "ಪೂರಾ ಸೀಜನ್ ಬೆಂಚ್ ಮ್ಯಾಲೆ ಕೂತಾನ. ಪ್ರೈಸ್ ನೋಡು, ಕಿತ್ನಾ ಬಿದ್ದದ."

"ಕೂತಾನಂದ್ರ ಆಟಾ ಮರತಾನೇನ?"

"ಹಂಗಲ್ಲಕ್ಕಾ," ಎಂದ ಪ್ರಹ್ಲಾದ. "ಎಂಜಿನ್ ಚಲೋನ ಇರ್ತದ. ಆದ್ರ ಹ್ಯಾಂಗರಿನ್ಯಾಗ ನಿಂತ ವಿಮಾನಕ್ಕ ಟಿಕೀಟ ಯಾರ ತಗೋತಾರ?"

"ನೀ ರಿಪೇರಿ ಮಾಡಿದ್ದಕ್ಕ ನಾನಂತೂ ತಗೊಳ್ಳಂಗಿಲ್ಲಪಾ."

ಎಲ್ಲರೂ ನಕ್ಕರು. ಆ ನಗುವಿನ ಧೈರ್ಯದ ಮೇಲೆ ನಾನೂ ಬಾಯಿ ಹಾಕಿದೆ. "ದೊಡ್ಡ ಕಡೆ ಹೋಗೂದು ಬ್ಯಾಡ ಅಂತ ನಾ ಹೋದ ವರ್ಷನ ಹೇಳಿದ್ದೆ."

ವಸುಧಾ ತಟ್ಟೆ ಕೆಳಗಿಟ್ಟಳು. "ಯಾರಿಗೆ ಹೇಳಿದ್ರಿ? ಬಾಳ್ಯಾಗೋ, ನನಗೋ?"

"ಇಬ್ಬರಿಗೂ."

"ನನಗ ಹೇಳಿದ್ದು ಬ್ಯಾರೆ. ಬಸ್ಸು ಬಾಗಲಾಗ ಬರ್ತದ, ಬಿಸಲಾಗ ಸ್ಕೂಟರ್ ಹೊಡಿಯೂದು ತಪ್ತದ, ಜಲ್ದಿ ಹೂಂ ಅಂದ್ಬಿಡು ಅಂದಿದ್ರಿ."

ನನಗೆ ದಿಗಿಲಾಯಿತು. ಏಕೆಂದರೆ ನನ್ನ ನೆನಪಿನಲ್ಲಿ ಆ ದೃಶ್ಯ ಸ್ಪಷ್ಟವಾಗಿದೆ: ಮಹಾಲಿನ ಗಲ್ಲಿಯಲ್ಲಿ ನಾನು ಸ್ಕೂಟರ್ ನಿಲ್ಲಿಸಿ, ಹಿಂದೆ ತಿರುಗಿ, ಸ್ವಲ್ಪ ವಿಚಾರ ಮಾಡು ಎನ್ನುತ್ತಿದ್ದೇನೆ. ನನ್ನ ದನಿಯಲ್ಲಿ ಗಾಂಭೀರ್ಯವೂ ಇದೆ. ಅದನ್ನೇ ಹೇಳಿದೆ. ಆ ವಾರ ಸ್ಕೂಟರ್ ಗ್ಯಾರೇಜಿನಲ್ಲಿತ್ತು ಎಂದಳು ವಸುಧಾ. ಅಷ್ಟರಲ್ಲಿ ಪ್ರಹ್ಲಾದ, "ಭಾವಾ, ನೀವು ಏನೂ ಹೇಳಿಲ್ಲ. ಬ್ಯಾಡ ಅಂದಾಂವ ನಾನು," ಎಂದ. ಇರಾ ಮೊಬೈಲಿನಿಂದ ತಲೆಯೆತ್ತದೆ, "ಎಲ್ಲಾರೂ ಬರೋಬರ್ ಇದ್ದೀರಿ. ಪಾಯಿಂಟ್ಸ್ ಮಾತ್ರ ಝೀರೋ," ಎಂದಳು.

ನಮ್ಮ ನ್ಯಾಯದರ್ಶನದವರು ಬಹಳ ಹಿಂದೆಯೇ ನೆನಪನ್ನು, ಅವರ ಮಾತಿನಲ್ಲಿ ಸ್ಮೃತಿಯನ್ನು, ನಂಬಬಹುದಾದ ಪ್ರಮಾಣಗಳ ಸಾಲಿನಿಂದ ಹೊರಗಿಟ್ಟರು. ಅದು ಹೊಸದಾಗಿ ಏನನ್ನೂ ಅರಿಯುವುದಿಲ್ಲ, ಹಿಂದೆ ಅರಿತದ್ದರ ಮೇಲೆ ಬದುಕುತ್ತದೆ ಎಂಬುದು ಅವರ ತಕರಾರು. ಮಾಧ್ವರು ಒಪ್ಪಲಿಲ್ಲ, ನೆನಪೂ ಪ್ರಮಾಣವೇ ಎಂದರು. ವಸುಧಾಳ ತವರಿನವರು ಪಕ್ಕಾ ಮಾಧ್ವರು. ಅಕ್ಕ ತಮ್ಮ ಇಬ್ಬರೂ ತಮ್ಮ ನೆನಪನ್ನು ಬಿಟ್ಟುಕೊಡುವವರಲ್ಲ. ನಾನು ಓದಿದ್ದು ನ್ಯಾಯವಾದರೂ ವಾದಿಸುವುದು ಮಾಧ್ವನಂತೆಯೇ. ನನಗೆ ಅನಿಸುವುದು ಇಷ್ಟು: ನೆನಪಿಗೂ ಒಂದು ಕೊಂಡು ಮಾರುವ ಕಾಲವಿದೆ. ಒಂದು ಸಂಗತಿ ಮುಗಿದು ಅದರ ಫಲ ತಿಳಿದ ಮೇಲೆ, ನಮ್ಮ ನೆನಪು ಸದ್ದಿಲ್ಲದೆ ಪೇಟೆಗೆ ಹೋಗುತ್ತದೆ. ಸೋತ ಸಲಹೆಗಳನ್ನು ಸಿಕ್ಕ ಬೆಲೆಗೆ ಮಾರುತ್ತದೆ. ಯಾರೋ ಆಡಿದ ವಿವೇಕದ ಮಾತೊಂದನ್ನು ಕೊಂಡು ತಂದು, ಇದು ಮೊದಲಿನಿಂದಲೂ ನಮ್ಮ ತಂಡದಲ್ಲೇ ಇತ್ತು ಎನ್ನುತ್ತದೆ. ನಾವು ಮೋಸಗಾರರೇನಲ್ಲ. ನಮ್ಮವರು ಎಡವಿದಾಗ ಅವರ ಪಕ್ಕದಲ್ಲಿ ಎಚ್ಚರವಾಗಿ ನಿಂತಿದ್ದೆವು ಎಂದು ನಂಬುವ ಆಸೆ, ಅಷ್ಟೇ.

ಸಂಜೆ ಪ್ರಹ್ಲಾದ, ಇರಾ ಹೋದ ಮೇಲೆ ವಸುಧಾ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನಾನು ಕ್ಲಿಪ್ಪುಗಳ ಡಬ್ಬಿ ಹಿಡಿದು ನಿಂತಿದ್ದೆ.

"ನಾಳೆ ಫೋನ್ ಮಾಡಬೇಕು," ಎಂದಳು. "ಹೋದ ವರ್ಷ ಏನಂದ್ರೋ ಹೋಗ್ಲಿ ಬಿಡ್ರಿ. ಈಗ ಏನಂತೀರಿ?"

ನನ್ನ ತಲೆಯಲ್ಲಿ ವಾದಗಳು ಸಾಲುಗಟ್ಟಿದವು. ಸಂಬಳ, ಬಸ್ಸು, ಅವಳ ಬೆನ್ನುನೋವು, ದೊಡ್ಡ ಶಾಲೆಯಲ್ಲಿ ನಡೆಯಲಿಲ್ಲವಂತೆ ಎನ್ನುವ ಬಂಧುಗಳು. ಯಾವ ಕಡೆ ತೂಗಿದರೂ ಸರಿಯೇ. ಈಗ ಹೇಳಿದ್ದನ್ನು ಮುಂದಿನ ವರ್ಷ ಹೇಗೆ ನೆನಪಿಸಿಕೊಳ್ಳುತ್ತೇನೋ ಎಂಬುದೂ ಕಣ್ಣ ಮುಂದೆ ಬಂತು.

"ನನಗ ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲ ಅಂದ್ರ?"

"ಗೊತ್ತಿಲ್ಲ. ಅಲ್ಲಿ ನಿನಗ ದಿನಾ ಹೆಂಗ ಹೋಗ್ತದಂತ ನಾ ಒಮ್ಮಿನೂ ಕೇಳಿಲ್ಲಲ್ಲ."

ಅವಳು ಒಂದು ಟವೆಲ್ಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಆಮೇಲೆ ಹೇಳಿದಳು. ಒಮ್ಮೆ ರಜೆಯಲ್ಲಿದ್ದ ಶಿಕ್ಷಕರ ತರಗತಿ ಕಾಯಲು ಹೋಗಿದ್ದಳಂತೆ. ಒಂದು ಹುಡುಗಿ ಭಿನ್ನರಾಶಿಯ ಲೆಕ್ಕವೊಂದು ತಿಳಿಯಲಿಲ್ಲ ಎಂದಳಂತೆ. ಇವಳು ರೊಟ್ಟಿಯ ಚಿತ್ರ ಬರೆದು ತುಂಡು ಮಾಡಿ ತೋರಿಸಿದಳು; ಇಡೀ ತರಗತಿ ಬಾಗಿ ನೋಡಿತು. ಮರುದಿನ ಆ ಶಿಕ್ಷಕರು ಬಂದು, ಬಹಳ ಮರ್ಯಾದೆಯಿಂದಲೇ, ಮೇಡಂ, ನಮ್ಮ ಪದ್ಧತಿ ಬೇರೆ, ನೀವು ಮಕ್ಕಳನ್ನು ಸುಮ್ಮನೆ ಕೂರಿಸಿದರೆ ಸಾಕು ಎಂದರಂತೆ. ಆಮೇಲೆ ಅವಳು ಆ ಶಾಲೆಯಲ್ಲಿ ಸೀಮೆಸುಣ್ಣ ಮುಟ್ಟಿಲ್ಲ. ಇದನ್ನು ಹೇಳುವಾಗ ಅವಳಿಗೆ ಅಳು ಬರಲಿಲ್ಲ. ನನಗೆ ಬಂತು. ಕ್ಲಿಪ್ಪುಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದೆ. ಅವಳು ಬಟ್ಟೆಯ ಗಂಟನ್ನು ಎತ್ತಿಕೊಂಡು, "ಬರೋಬರ್, ನೀವನ್ನೂದು ಖರೆ ಅದ," ಎಂದಳು. ಗೊತ್ತಿಲ್ಲ ಎಂದದ್ದು ಬಿಟ್ಟರೆ ನಾನು ಏನೂ ಹೇಳಿರಲಿಲ್ಲ.

ಬೆಳಿಗ್ಗೆ ಚಹಾಕ್ಕೆ ಮೊದಲೇ ಅವಳು ಮಹಾಲಿಗೆ ಫೋನ್ ಮಾಡಿದ್ದಳು.

ಬಾಳ್ಯಾ ಎಲ್ಲಿಗೂ ಹೋಗಲಿಲ್ಲ. ಇನ್ನೂ ಅದೇ ಬೆಂಚಿನ ಮೇಲಿದ್ದಾನೆ. ಅವನಿಂದಾಗಿ ವಸುಧಾ ಈ ವರ್ಷ ನನ್ನ ಜೊತೆ ಕೊನೆಯ ಸ್ಥಾನಕ್ಕೆ ಪೈಪೋಟಿ ನಡೆಸಿದ್ದಾಳೆ. ಆಟ ಮುಗಿಯುವ ಹೊತ್ತಿಗೆ ಅವನನ್ನು ಐದು ನಿಮಿಷ ಇಳಿಸಿದರೂ ಅವಳು ಅಡುಗೆಮನೆಯಿಂದ ಓಡಿ ಬರುತ್ತಾಳೆ. ದಿನಾ ಸ್ಕೂಟರಿನಲ್ಲಿ ಮಹಾಲಿನ ಗಲ್ಲಿಗಳನ್ನು ದಾಟಿ ಹೋಗುತ್ತಾಳೆ, ಬೆನ್ನು ನೋಯುತ್ತದೆ ಎನ್ನುತ್ತಾಳೆ, ಸೆರಗಿನ ತುಂಬ ಸೀಮೆಸುಣ್ಣದ ಪುಡಿ ಹೊತ್ತು ಬರುತ್ತಾಳೆ. ತಿಂಗಳ ಕೊನೆಯಲ್ಲಿ ನಾವು ಸ್ವಲ್ಪ ಬಿಗಿ ಹಿಡಿದು ನಡೆಯುತ್ತೇವೆ. ಸಾರಿಗೆ ಉಪ್ಪು ಸರಿಯಾಗಿದೆ.

ದೊಡ್ಡ ಶಾಲೆ ಯಾಕೆ ಬಿಟ್ಟೆ ಎಂದು ಬಂಧುಗಳು ಕೇಳಿದಾಗ ಅವಳು ನನ್ನ ಕಡೆ ಕೈ ತೋರಿಸುತ್ತಾಳೆ. "ಇವರ ಹೇಳಿದ್ರು, ಕಲಸೂ ಕಡೆ ಹೋಗು ಅಂತ. ಇವರ ಮಾತು ಕೇಳಿದ್ದಕ್ಕ ಚಲೋ ಆತು." ಅವಳು ತಮಾಷೆ ಮಾಡುತ್ತಿಲ್ಲ; ಅವಳಿಗೆ ನಿಜವಾಗಿಯೂ ಹಾಗೆಯೇ ನೆನಪಿದೆ. ನನಗೋ, ಜೀವನದಲ್ಲಿ ಮೊದಲ ಬಾರಿಗೆ, ಒಂದು ಸಂಗತಿ ಚೂರೂ ಸಂಶಯವಿಲ್ಲದೆ ನೆನಪಿದೆ: ನಾನು ಹೇಳಿದ್ದು ಗೊತ್ತಿಲ್ಲ ಎಂದು. ತಿದ್ದಲೆಂದು ಒಂದೆರಡು ಸಲ ಬಾಯಿ ತೆರೆದಿದ್ದೇನೆ, ಅವಳ ಮುಖ ನೋಡಿ ಮುಚ್ಚಿದ್ದೇನೆ. ಅವಳು ಇನ್ನೊಂದೆರಡು ವರ್ಷ ಹೀಗೇ ಹೇಳುತ್ತ ಹೋದರೆ, ನಾನು ಹಾಗೆ ಹೇಳಿದ್ದು ನನಗೂ ನೆನಪಾಗಬಹುದು.